ಸಯ್ಯಾಜಿರಾವ್ ರಸ್ತೆಗೆ ಒಂದು ಕಲ್ಪಿತ ಕಟ್ಟಡ

ಊರ ನಡುವಿನ ಪೇಟೆಯಲ್ಲಿ ಖಾಲಿ ಬಿದ್ದ ನಿವೇಶನವನ್ನೋ ಬಿರುಕುಬಿಟ್ಟ ಹಳೆಯ ಮಳಿಗೆಸಾಲನ್ನೋ ಕಂಡಾಗ ‘ಇಲ್ಲಿ ಇಂಥದ್ದೊಂದು ಇರಬೇಕಿತ್ತು’ ಎಂದು ಅನ್ನಿಸದವರು ಕಡಿಮೆ. ಕೆಲವರು ಅಷ್ಟಕ್ಕೇ ಬಿಡುತ್ತಾರೆ, ಕೆಲವರು ಮನೆಗೆ ಬಂದು ಬಿಡಿಸಲು ಕೂರುತ್ತಾರೆ. ಆರ್ಕಿಟೆಕ್ಚರ್ ಓದುವವರಿಗೆ ಇದು ಪಾಠದ ಭಾಗ. ಆದರೆ ಈಗ ಸ್ಕೆಚ್‌ಅಪ್, ಬ್ಲೆಂಡರ್‌ನಂಥ ಸಾಫ್ಟ್‌ವೇರ್ ಕಲಿತ ಹವ್ಯಾಸಿಗಳೂ ತಮ್ಮ ಊರಿನ ಪೇಟೆಗೆ ಕಟ್ಟಡಗಳನ್ನು ಕಲ್ಪಿಸುತ್ತಿದ್ದಾರೆ. ಯಾರೂ ಕೇಳಿಲ್ಲ, ಯಾರೂ ಹಣ ಕೊಟ್ಟಿಲ್ಲ, ಕಟ್ಟುವ ಭರವಸೆಯೂ ಇಲ್ಲ. ಆದರೂ ಇದನ್ನು ಗಂಭೀರ ಕೆಲಸವೆಂದೇ ನಾನು ಎಣಿಸುತ್ತೇನೆ.

ಇಂಥ ಚಿತ್ರಗಳಲ್ಲಿ ಹೆಚ್ಚಿನವು ಆಕಾಶದಿಂದ ಶುರುವಾಗುತ್ತವೆ. ದೂರದಿಂದ ಕಾಣುವ ಆಕಾರ, ಹೊಳೆಯುವ ಗಾಜು, ಮೇಲೊಂದು ತೋಟ ಮೊದಲು ಬರುತ್ತವೆ. ಅಂಗಡಿ, ಮೆಟ್ಟಿಲು, ಚರಂಡಿ ಆಮೇಲೆ ಎಲ್ಲೋ ತುರುಕಲ್ಪಡುತ್ತವೆ. ಪೇಟೆಯ ಕಟ್ಟಡವನ್ನು ತಿರುವುಮುರುವಾಗಿ, ರಸ್ತೆಗೆ ತಾಗುವ ಮೊದಲ ನಾಲ್ಕು ಮೀಟರಿನಿಂದ ಶುರುಮಾಡಬೇಕು. ಅಲ್ಲಿ ಸರಿಹೋದರೆ ಮೇಲಿನದು ಸಾಮಾನ್ಯವಾಗಿದ್ದರೂ ಕಟ್ಟಡ ಊರಿನದಾಗುತ್ತದೆ. ಅಲ್ಲಿ ತಪ್ಪಿದರೆ ಮೇಲೆ ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ. ಇದು ಹೇಗೆಂದು ಮೈಸೂರಿನ ಸಯ್ಯಾಜಿರಾವ್ ರಸ್ತೆಯನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಕಟ್ಟದ ಕಟ್ಟಡದಿಂದ ಏನು ಲಾಭ ಎಂದು ಕೇಳುವವರಿಗೆ ಮೊದಲೊಂದು ಉದಾಹರಣೆ. 1922ರಲ್ಲಿ ಶಿಕಾಗೋದ ಟ್ರಿಬ್ಯೂನ್ ಪತ್ರಿಕೆ ತನ್ನ ಹೊಸ ಕಚೇರಿಗಾಗಿ ಅಂತರರಾಷ್ಟ್ರೀಯ ಸ್ಪರ್ಧೆ ಏರ್ಪಡಿಸಿತು. 260ಕ್ಕೂ ಹೆಚ್ಚು ವಿನ್ಯಾಸಗಳು ಬಂದವು. ಗೆದ್ದದ್ದು ವಾಸ್ತುಶಿಲ್ಪಿಗಳಾದ ಹೋವೆಲ್ಸ್ ಮತ್ತು ಹುಡ್ ಅವರ, ಯುರೋಪಿನ ಹಳೆಯ ಚರ್ಚುಗಳನ್ನು ನೆನಪಿಸುವ ಗೋಥಿಕ್ ಗೋಪುರ, ಅದನ್ನೇ ಕಟ್ಟಿದರು. ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಅಮೆರಿಕದ ಗಗನಚುಂಬಿಗಳು ಅನುಸರಿಸಿದ್ದು ಎರಡನೇ ಬಹುಮಾನ ಪಡೆದ, ಎಂದೂ ಕಟ್ಟಲ್ಪಡದ ಎಲಿಯೆಲ್ ಸಾರಿನೆನ್ ಅವರ ವಿನ್ಯಾಸವನ್ನು. ಮೇಲೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ಒಳಸರಿಯುವ ಅದರ ರೂಪ 1929ರ ಹ್ಯೂಸ್ಟನ್ ಗಲ್ಫ್ ಬಿಲ್ಡಿಂಗ್‌ನಲ್ಲಿ ಎದ್ದು ಕಾಣುತ್ತದೆ. ಅದೇ ಸ್ಪರ್ಧೆಗೆ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಇಡೀ ಕಟ್ಟಡವನ್ನೇ ಪ್ರಾಚೀನ ಗ್ರೀಕ್ ಶೈಲಿಯ ಒಂದು ಬೃಹತ್ ಡೋರಿಕ್ ಕಂಬದಂತೆ ಬಿಡಿಸಿ ಕಳಿಸಿದ್ದರು. ಅದನ್ನು ಇವತ್ತಿಗೂ ತರಗತಿಗಳಲ್ಲಿ ಚರ್ಚಿಸುತ್ತಾರೆ. ಕಾಗದದ ಮೇಲಿನ ಕಟ್ಟಡ ಊರಿಗೆ ತನ್ನ ಮುಂದಿರುವ ದಾರಿಗಳನ್ನು ತೋರಿಸುತ್ತದೆ. ಆದರೆ ನೋಡುವವರು ಅದನ್ನು ನಂಬಬೇಕು. ನಂಬಿಕೆ ಬರುವುದು ಅಳತೆಯಿಂದ.

ನಿವೇಶನ ಮತ್ತು ಅದರ ಲೆಕ್ಕ

ಕೆ.ಆರ್. ವೃತ್ತದಿಂದ ಉತ್ತರಕ್ಕೆ ಹೊರಟರೆ ಎಡಗಡೆ ದೇವರಾಜ ಮಾರುಕಟ್ಟೆ. ಅದರ ದಕ್ಷಿಣದ ತುದಿಯಲ್ಲಿ 1886ರ ಡಫರಿನ್ ಗಡಿಯಾರ ಗೋಪುರ, ಅಂದರೆ ಎಲ್ಲರ ಬಾಯಲ್ಲಿ ಚಿಕ್ಕ ಗಡಿಯಾರ. ಅರಮನೆಯ ಕಡೆಗೆ 1927ರ ದೊಡ್ಡ ಗಡಿಯಾರ. ಲ್ಯಾನ್ಸ್‌ಡೌನ್ ಕಟ್ಟಡವೂ ಹತ್ತಿರದಲ್ಲೇ ಇದೆ. ವಿಜಯದಶಮಿಯ ದಿನ 750 ಕೆಜಿಯ ಚಿನ್ನದ ಅಂಬಾರಿ ಹೊತ್ತ ಆನೆ ಬನ್ನಿಮಂಟಪಕ್ಕೆ ಹೋಗುವುದು ಇದೇ ರಸ್ತೆಯಲ್ಲಿ. ಉಳಿದ ದಿನಗಳಲ್ಲಿ ಹೂವು, ವೀಳ್ಯದೆಲೆ, ನಂಜನಗೂಡು ರಸಬಾಳೆ, ಕುಂಕುಮ, ಊದುಬತ್ತಿ, ಪಾತ್ರೆ, ಬಟ್ಟೆ. ಇಲ್ಲಿ ಏನು ಬಿಡಿಸಿದರೂ ಈ ವ್ಯಾಪಾರದ ನಡುವೆ ನಿಲ್ಲಬೇಕು.

ರಸ್ತೆಯ ಪೂರ್ವ ಬದಿಯಲ್ಲಿ 12 ಮೀಟರ್ ಅಗಲ, 30 ಮೀಟರ್ ಆಳದ ಒಂದು ನಿವೇಶನ ಇದೆ ಎಂದು ಕಲ್ಪಿಸಿಕೊಳ್ಳೋಣ. ಹಿಂದೊಂದು ಗಲ್ಲಿ, ಎರಡೂ ಪಕ್ಕಕ್ಕೆ ಅಂಟಿಕೊಂಡ ಹಳೆಯ ಅಂಗಡಿಗಳು. ಒಟ್ಟು 360 ಚದರ ಮೀಟರ್. ಎಷ್ಟು ಕಟ್ಟಬಹುದು ಎಂಬುದನ್ನು ಎಫ್‌ಎಆರ್ ಹೇಳುತ್ತದೆ: ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಒಟ್ಟು ಮಹಡಿ ವಿಸ್ತೀರ್ಣ ಸಿಗುತ್ತದೆ ಎಂಬ ಅನುಪಾತ ಅದು. ಊರು, ವಲಯ, ರಸ್ತೆಯ ಅಗಲ ಬದಲಾದಂತೆ ಅದೂ ಬದಲಾಗುತ್ತದೆ. ಪಾರಂಪರಿಕ ವಲಯವಾದರೆ ಬಿಗಿ ಇನ್ನೂ ಹೆಚ್ಚು. ಲೆಕ್ಕಕ್ಕಾಗಿ 2 ಎಂದು ಹಿಡಿಯೋಣ. ಆಗ ಕಟ್ಟಬಹುದಾದದ್ದು 720 ಚದರ ಮೀಟರ್. ನೆಲದ ಶೇ 60ರಷ್ಟು ಭಾಗವನ್ನು ಕಟ್ಟಡ ಮುಚ್ಚಬಹುದು ಎಂದಾದರೆ ಒಂದು ಮಹಡಿಗೆ 216 ಚದರ ಮೀಟರ್, ಅಂದರೆ 12 ಮೀಟರ್ ಅಗಲ, 18 ಮೀಟರ್ ಆಳ. 720ನ್ನು 216ರಿಂದ ಭಾಗಿಸಿದರೆ ಮೂರು ಮಹಡಿ ಮತ್ತು ಸ್ವಲ್ಪ. ನೆಲಮಹಡಿ, ಮೇಲೆ ಎರಡು ಪೂರ್ತಿ ಮಹಡಿ, ಅದರ ಮೇಲೆ ಹಿಂದೆ ಸರಿದ ಒಂದು ಚಿಕ್ಕ ಮಹಡಿ. ಈ ಲೆಕ್ಕ ಮಾಡಿದ ಕೂಡಲೇ ಕನಸಿನ ಇಪ್ಪತ್ತು ಮಹಡಿ ತಾನಾಗಿ ಕರಗುತ್ತದೆ.

ಈ 720ರಲ್ಲಿ ಬಾಡಿಗೆಗೆ ಕೊಡಲು ಪೂರ್ತಿ ಸಿಗುವುದಿಲ್ಲ. ಗೋಡೆ, ಮೆಟ್ಟಿಲು, ಲಿಫ್ಟ್, ಶೌಚಾಲಯ, ಪೈಪು ಮತ್ತು ವೈರು ಇಳಿಯುವ ಜಾಗ ಎಲ್ಲ ಸೇರಿ ಚಿಕ್ಕ ಕಟ್ಟಡದಲ್ಲಿ ಕಾಲು ಭಾಗಕ್ಕೂ ಹೆಚ್ಚು ತಿಂದುಬಿಡುತ್ತವೆ. ಹವ್ಯಾಸಿ ವಿನ್ಯಾಸಗಳಲ್ಲಿ ಇವು ಮರೆತೇ ಹೋಗಿರುತ್ತವೆ.

ಎತ್ತರಕ್ಕೂ ಒಂದು ಗೆರೆ ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದ ಕಟ್ಟಡ ಬಹುಮಹಡಿ ಕಟ್ಟಡದ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿಂದ ಬೆಂಕಿ ಸುರಕ್ಷತೆಯ ನಿಯಮಗಳ ಭಾರ ಹೆಚ್ಚಾಗುತ್ತದೆ. ನೆಲಮಹಡಿಗೆ 4.2 ಮೀಟರ್, ಮೇಲಿನ ಮೂರಕ್ಕೆ ತಲಾ 3.6 ಮೀಟರ್ ಎಂದರೆ ಕೂಡಿದಾಗ ಸರಿಯಾಗಿ 15. ಮೇಲಿನವನ್ನು 3.4ಕ್ಕೆ ಇಳಿಸಿದರೆ 14.4 ಮೀಟರ್, ಗೆರೆಯ ಕೆಳಗೇ ಉಳಿಯುತ್ತೇವೆ. ನಮ್ಮ ಪೇಟೆಗಳಲ್ಲಿ ಅಷ್ಟೊಂದು ಕಟ್ಟಡಗಳು ನೆಲ ಮತ್ತು ಮೂರು ಮಹಡಿಗೆ ನಿಂತಿರುವುದಕ್ಕೆ ಇಂಥ ಕೂಡಿಕೆಯೂ ಒಂದು ಕಾರಣ.

ಗೆರೆಯ ಕೆಳಗಿದ್ದೇವೆಂದು ಒಂದೇ ಮೆಟ್ಟಿಲಿಗೆ ತೃಪ್ತಿಪಡಬಾರದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ 9 ಮಂದಿ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಮೆಟ್ಟಿಲಿನ ಗೂಡು ಮತ್ತು ವೈರು ಇಳಿಯುವ ಜಾಗ ಹೊಗೆಗೆ ದಾರಿಯಾದರೆ ಜನರಿಗೆ ದಾರಿ ಉಳಿಯುವುದಿಲ್ಲ. ಆದ್ದರಿಂದ ಕಲ್ಪನೆಯ ಕಟ್ಟಡದಲ್ಲೂ ಮುಂದೊಂದು, ಹಿಂದಿನ ಗಲ್ಲಿಗೆ ಇಳಿಯುವ ಇನ್ನೊಂದು ಮೆಟ್ಟಿಲು ಬಿಡಿಸಿ. ವೈರಿನ ಜಾಗವನ್ನು ಪ್ರತಿ ಮಹಡಿಯಲ್ಲೂ ಮುಚ್ಚಿರುವಂತೆ ತೋರಿಸಿ.

ಕಾರು ನಿಲ್ಲಿಸುವುದು ಎಲ್ಲಿ? ಬೇಸ್‌ಮೆಂಟ್ ಎನ್ನುವುದು ಎಲ್ಲರ ಮೊದಲ ಉತ್ತರ. ಅದನ್ನೂ ಅಳೆದು ನೋಡೋಣ. 3.5 ಮೀಟರ್ ಕೆಳಗಿಳಿಯಲು ಎಂಟಕ್ಕೊಂದರ ಇಳಿಜಾರಿನಲ್ಲಿ 28 ಮೀಟರ್ ಉದ್ದದ ರ‍್ಯಾಂಪು ಬೇಕು. ನಿವೇಶನದ ಆಳವೇ 30 ಮೀಟರ್. ಮೇಲಾಗಿ ರ‍್ಯಾಂಪಿನ ಬಾಯಿ 12 ಮೀಟರ್ ಮುಖದಲ್ಲಿ ಮೂರೂವರೆ ಮೀಟರ್ ನುಂಗುತ್ತದೆ, ಅಂದರೆ ಒಂದು ಅಂಗಡಿಯನ್ನೇ. ಪಾದಚಾರಿಗಳು ಅತಿ ಹೆಚ್ಚು ಓಡಾಡುವ ಕಡೆಯೇ ಕಾರುಗಳು ಅಡ್ಡ ಬರುತ್ತವೆ. ಇಂಥ ಕಿರಿದಾದ ನಿವೇಶನಗಳಿಗೆ ಸ್ವಂತ ಪಾರ್ಕಿಂಗ್ ಕೇಳುವುದೇ ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೇಟೆಯ ಅಂಚಿನಲ್ಲಿ ಸಾಮೂಹಿಕ ನಿಲುಗಡೆ, ಒಳಗೆ ನಡಿಗೆ ಎಂದು ವಿನ್ಯಾಸದ ಜೊತೆಗೇ ಬರೆದಿಡಬೇಕು.

ಮೊದಲ ನಾಲ್ಕು ಮೀಟರ್

ಈಗ ಮುಖ್ಯ ಭಾಗಕ್ಕೆ ಬರೋಣ. 12 ಮೀಟರ್ ಮುಖವನ್ನು ಹೇಗೆ ಒಡೆಯುವುದು? ಮಧ್ಯೆ ಒಂದು ಪಿಲ್ಲರ್ ಹಾಕಿ ಆರಾರು ಮೀಟರಿನ ಎರಡು ಅಂಕಣ, ಅಂದರೆ ಕಂಬಗಳ ನಡುವಿನ ಖಾನೆ, ಮಾಡಬಹುದು, ನಾಲ್ಕು ನಾಲ್ಕು ಮೀಟರಿನ ಮೂರು ಅಂಕಣವನ್ನೂ ಮಾಡಬಹುದು. ಉಕ್ಕಿನ ಖರ್ಚು ಒಂದೆಡೆ ಇರಲಿ. ಪಕ್ಕದ ಹಳೆಯ ಅಂಗಡಿಗಳ ಮುಖ ಮೂರು ನಾಲ್ಕು ಮೀಟರಿನದ್ದು. ನಾಲ್ಕು ಮೀಟರಿನ ಅಂಕಣ ಆ ಲಯಕ್ಕೆ ಹೊಂದುತ್ತದೆ. ದೊಡ್ಡ ಷೋರೂಮ್ ಬಂದರೆ ಮೂರನ್ನೂ ಕೂಡಿಸಿಕೊಳ್ಳುತ್ತದೆ, ಹೋದರೆ ಮತ್ತೆ ಮೂರು ಸಣ್ಣ ವ್ಯಾಪಾರಿಗಳಿಗೆ ಒಡೆಯಬಹುದು. ಹನ್ನೆರಡು ಮೀಟರನ್ನೂ ಒಂದೇ ಗಾಜಿನಲ್ಲಿ ಮುಚ್ಚಿದ ಕಟ್ಟಡಕ್ಕೆ ಈ ದಾರಿ ಇರುವುದಿಲ್ಲ. ಬಾಡಿಗೆದಾರ ಹೋದ ದಿನ ಇಡೀ ಮುಖವೇ ಸಾಯುತ್ತದೆ.

ಅಂಗಡಿಯ ಬಾಗಿಲನ್ನು ರಸ್ತೆಯಂಚಿಗೆ ತರದೆ ಎರಡೂವರೆ ಮೀಟರ್ ಒಳಗಿಡಿ, ಮುಂದೆ ಕಂಬಸಾಲಿನ ಮೊಗಸಾಲೆ ಬಿಡಿ. ಮಳೆಗೂ ಬಿಸಿಲಿಗೂ ಅದೇ ಆಸರೆ. ಎರಡೂವರೆ ಮೀಟರ್ ಯಾಕೆ ಎಂದರೆ, ಎರಡೂ ಕೈಯಲ್ಲಿ ಚೀಲ ಹಿಡಿದ ಇಬ್ಬರು ಎದುರುಬದುರಾಗಿ ದಾಟಬೇಕು, ಕಂಬದ ಬುಡದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತವರಿಗೂ ಜಾಗ ಉಳಿಯಬೇಕು. ಮಾರಿನ ಲೆಕ್ಕದಲ್ಲಿ ಮಲ್ಲಿಗೆ ಅಳೆದು ಕೊಡುವ ಆ ಹೆಂಗಸನ್ನು ನಕ್ಷೆಯಲ್ಲಿ ಬಿಡಿಸದಿದ್ದರೆ, ಕಟ್ಟಡ ಎದ್ದ ಮೇಲೆ ಆಕೆಯನ್ನು ಎಬ್ಬಿಸುತ್ತಾರೆ. ಕಂಬಗಳ ನಡುವೆ ಒಂದೊಂದು ಮೀಟರಿನ ಕಲ್ಲಿನ ಕಟ್ಟೆ ಹಾಕಿಬಿಟ್ಟರೆ ಆ ಜಾಗ ಅವರದೆಂದು ಕಟ್ಟಡವೇ ಹೇಳುತ್ತದೆ.

ಮಳೆನೀರು ಒಳನುಗ್ಗದಂತೆ ನೆಲವನ್ನು ರಸ್ತೆಗಿಂತ 15 ಸೆಂಟಿಮೀಟರ್ ಎತ್ತರಿಸಬೇಕು. ಅಲ್ಲಿ ಮೆಟ್ಟಿಲಿಟ್ಟರೆ ಗಾಲಿಕುರ್ಚಿಯವರಿಗೆ ಅಂಗಡಿ ಮುಚ್ಚಿದಂತೆ. ಹನ್ನೆರಡಕ್ಕೊಂದರ ಇಳಿಜಾರಿಗೆ 1.8 ಮೀಟರ್ ಉದ್ದ ಸಾಕು. ಮೊಗಸಾಲೆಯ ಒಂದು ತುದಿಯಲ್ಲಿ ಅದು ಸಲೀಸಾಗಿ ಕೂರುತ್ತದೆ.

ಹೆಸರುಫಲಕಕ್ಕೆ ಮೊದಲೇ ಜಾಗ ಕೊಡಿ. ಕಂಬಸಾಲಿನ ಮೇಲೆ ಅರವತ್ತು ಸೆಂಟಿಮೀಟರಿನ ಒಂದು ಪಟ್ಟಿ ಬಿಟ್ಟರೆ ಬೋರ್ಡುಗಳು ಅಲ್ಲೇ ನಿಲ್ಲುತ್ತವೆ. ಬಿಡದಿದ್ದರೆ ಮೊದಲ ಮಹಡಿಯ ಕಿಟಕಿಗಳನ್ನು ಫ್ಲೆಕ್ಸು ಮುಚ್ಚುತ್ತದೆ. ಷಟರಿನ ಪೆಟ್ಟಿಗೆ, ವಿದ್ಯುತ್ ಮೀಟರುಗಳ ಗೋಡೆ, ಎಸಿಯ ಹೊರಘಟಕ, ಜನರೇಟರ್, ಹಸಿಕಸದ ಡಬ್ಬ ಕೂಡ ಕಟ್ಟಡದವೇ. ವಾಸ್ತುಶಿಲ್ಪಿ ಇವುಗಳಿಗೆ ಜಾಗ ತೋರಿಸದಿದ್ದರೆ ಇವು ತಮ್ಮ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ, ಅದೂ ಮುಂಭಾಗದಲ್ಲೇ.

ಹೆಂಗಸರ ಶೌಚಾಲಯ ಇನ್ನೂ ಮುಖ್ಯ. ಬೆಳಗಿನಿಂದ ರಾತ್ರಿವರೆಗೆ ಪೇಟೆಯಲ್ಲಿ ದುಡಿಯುವ ಹೆಂಗಸರಿಗೆ, ಹಳ್ಳಿಯಿಂದ ಸಂತೆಗೆ ಬಂದವರಿಗೆ ಅದು ಎಷ್ಟು ದೊಡ್ಡ ಕೊರತೆ ಎಂಬುದು ಪೇಟೆಗೆ ಹೋಗುವ ಪ್ರತಿ ಹೆಂಗಸಿಗೂ ಗೊತ್ತು. ನೆಲಮಹಡಿಯಲ್ಲಿ, ಗಲ್ಲಿಯ ಕಡೆಯಲ್ಲಿ, ಬೆಳಕಿರುವ ಜಾಗದಲ್ಲಿ, ಕಟ್ಟಡದ ಗಿರಾಕಿಗಳಲ್ಲದವರಿಗೂ ತೆರೆದಿರುವಂತೆ ಅದನ್ನು ಬಿಡಿಸಬೇಕು.

ಮೇಲಿನ ಮಹಡಿಗಳ ಗತಿ ಮೆಟ್ಟಿಲ ಮೇಲೆ ನಿಂತಿದೆ. ಹಳೆಯ ಪೇಟೆಗಳಲ್ಲಿ ಮೊದಲ ಮಹಡಿಗೆ ಹೋಗುವ ದಾರಿ ಎರಡು ಅಂಗಡಿಗಳ ನಡುವಿನ ಕತ್ತಲ ಸಂದಿಯಲ್ಲಿ ಅಡಗಿರುತ್ತದೆ. ಹಾಗಾಗಿ ಮೇಲೆ ಗೋದಾಮು ಬಿಟ್ಟರೆ ಬೇರೇನೂ ನಡೆಯುವುದಿಲ್ಲ. ಮೆಟ್ಟಿಲನ್ನು ಒಂದೂವರೆ ಮೀಟರ್ ಅಗಲ ಮಾಡಿ, ರಸ್ತೆಯಿಂದಲೇ ಕಾಣುವಂತಿಡಿ. ಆಗ ದರ್ಜಿ, ದಂತವೈದ್ಯರು, ಟ್ಯೂಷನ್, ಲೆಕ್ಕಪರಿಶೋಧಕರು ಬರುತ್ತಾರೆ. ಕೊನೆಯ ಚಿಕ್ಕ ಮಹಡಿಯಲ್ಲಿ ಎರಡು ಮನೆ ಇರಲಿ ಎಂದು ನಾನು ಒತ್ತಾಯಿಸುತ್ತೇನೆ. ರಾತ್ರಿ ಒಂಬತ್ತರ ಮೇಲೆ ದೀಪ ಉರಿಯುವ ಕಿಟಕಿಗಳು ಪೇಟೆಗೆ ಬೇಕು.

18 ಮೀಟರ್ ಆಳದ ಮಹಡಿಗೆ ಎರಡು ತುದಿಯ ಕಿಟಕಿಯಿಂದ ಬೆಳಕು ತಲಾ ಆರು ಮೀಟರಿನಷ್ಟು ಬಂದರೆ ಹೆಚ್ಚು. ನಡುವಿನ ಆರು ಮೀಟರ್ ಕತ್ತಲು. ಲಿಫ್ಟ್, ಶೌಚಾಲಯ, ಪೈಪುಗಳನ್ನು ಅಲ್ಲಿಗೆ ಸೇರಿಸಿ, ಉಳಿದ ಕಡೆ ತೊಟ್ಟಿಮನೆಯಂತೆ ಮೇಲಿನಿಂದ ಬೆಳಕು ಬೀಳುವ ಒಂದು ತೆರಪು ಬಿಟ್ಟರೆ ಗಾಳಿಯೂ ಆಡುತ್ತದೆ.

ರಸ್ತೆಯ ಪೂರ್ವ ಬದಿಯಲ್ಲಿರುವುದರಿಂದ ನಮ್ಮ ಕಟ್ಟಡದ ಮುಖ ಪಶ್ಚಿಮಕ್ಕೆ. ಮೈಸೂರಿನ ಅಕ್ಷಾಂಶದಲ್ಲಿ ಮಾರ್ಚ್ ಕೊನೆಯ ವಾರ ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ದಿಗಂತದಿಂದ ಸುಮಾರು 30 ಡಿಗ್ರಿ ಮೇಲಿರುತ್ತಾನೆ. ಒಂದೂವರೆ ಮೀಟರ್ ಎತ್ತರದ ಕಿಟಕಿಗೆ ಆಗ ಪೂರ್ತಿ ನೆರಳು ಬೇಕೆಂದರೆ ಸಜ್ಜಾ ಎರಡೂವರೆ ಮೀಟರಿಗಿಂತ ಹೆಚ್ಚು ಚಾಚಬೇಕು. ಅದು ಆಗದ ಮಾತು. ಆದ್ದರಿಂದ ಪಶ್ಚಿಮಕ್ಕೆ ಗಾಜಿನ ಗೋಡೆ ಬೇಡ. ಲಂಬವಾಗಿ ನಿಂತ ಪಟ್ಟಿಗಳು, ಜಾಲಂಧ್ರ, ಇಲ್ಲವೇ ಆಳವಾದ ಬಾಲ್ಕನಿ ಬೇಕು. ಬಾಲ್ಕನಿಯಾದರೆ ಇನ್ನೊಂದು ಲೆಕ್ಕ ಅದರೊಡನೆ ಬರುತ್ತದೆ: ಜಂಬೂಸವಾರಿ. ಜನ ಹತ್ತಬಹುದಾದ ಮಾಮೂಲಿ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕೆಜಿ ಬಳಕೆಯ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಕುರ್ಚಿಯಿಲ್ಲದೆ ಜನ ಒತ್ತಿ ನಿಲ್ಲುವ ಸಭಾಸ್ಥಳಕ್ಕೆ ಸಂಹಿತೆ ಕೇಳುವುದು ಸುಮಾರು 500 ಕೆಜಿ. ವಿಜಯದಶಮಿಯ ಮಧ್ಯಾಹ್ನ ಈ ರಸ್ತೆಯ ತಾರಸಿ, ಬಾಲ್ಕನಿಗಳೆಲ್ಲ ಸಭಾಸ್ಥಳಗಳೇ. ಇಲ್ಲಿ ಕಟ್ಟುವವರು ಎರಡನೆಯ ಅಂಕಿಯನ್ನೇ ಹಿಡಿಯಬೇಕು.

ಹಳೆಯದನ್ನು ಉಳಿಸುವ ಚಿತ್ರ

ಹೊಸದನ್ನು ಬಿಡಿಸುವುದಕ್ಕಿಂತ ಹಳೆಯದರ ನವೀಕರಣ ಕಲ್ಪಿಸುವುದು ಕಷ್ಟ, ಮೈಸೂರಿನ ಮಟ್ಟಿಗೆ ಅದೇ ಹೆಚ್ಚು ತುರ್ತಿನದು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ದುರಸ್ತಿಯ ನಡುವೆಯೇ ಕುಸಿಯಿತು. ಅಂದಿನಿಂದ ಒಂದೇ ಪ್ರಶ್ನೆ: ದುರಸ್ತಿ ಮಾಡಿ ಉಳಿಸುವುದೋ, ಕೆಡವಿ ಅದೇ ರೂಪದಲ್ಲಿ ಮತ್ತೆ ಕಟ್ಟುವುದೋ? ತಜ್ಞ ಸಮಿತಿಗಳೂ ಒಂದೇ ಮಾತು ಹೇಳಲಿಲ್ಲ, ವಿಷಯ ಹೈಕೋರ್ಟಿನವರೆಗೂ ಹೋಯಿತು.

ಕಲ್ಪನೆಯಿಂದ ಬಿಡಿಸುವವರು ಈ ವಾದಕ್ಕೆ ಕೊಡಬಹುದಾದ ಕೊಡುಗೆ ಇದೆ. ಅದಕ್ಕೆ ಮೊದಲು ಇಂಥ ಕಟ್ಟಡ ಯಾಕೆ ಬೀಳುತ್ತದೆ ಎಂದು ಅರಿಯಬೇಕು. ಆ ಕಾಲದವು ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಇಟ್ಟಿಗೆ ಗೋಡೆಗಳು. ಮೇಲೆ ಸಾಮಾನ್ಯವಾಗಿ ಮದ್ರಾಸ್ ತಾರಸಿ: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಪದರ. ಒಣಗಿರುವವರೆಗೆ ಇದು ನೂರು ವರ್ಷವಾದರೂ ನಿಲ್ಲುತ್ತದೆ. ಶತ್ರು ನೀರು. ತಾರಸಿಯ ನೀರು ಹೊರಹೋಗುವ ದೋಣಿ ಕಟ್ಟಿಕೊಂಡರೆ ನೀರು ನಿಂತು ಗೋಡೆಗಿಳಿಯುತ್ತದೆ. ಗೋಡೆಯೊಳಗೆ ಕೂತ ತೊಲೆಯ ತುದಿ, ಯಾರ ಕಣ್ಣಿಗೂ ಕಾಣದ ಕಡೆ, ಕೊಳೆಯುತ್ತದೆ. ಸಂದಿಯಲ್ಲಿ ಅರಳಿಗಿಡ ಹುಟ್ಟಿ ಬೇರು ಇಟ್ಟಿಗೆಯನ್ನು ಸೀಳುತ್ತದೆ. ಸೋರಿಕೆ ತಡೆಯಲೆಂದು ಬಳಿದ ಸಿಮೆಂಟು ಗೋಡೆಯೊಳಗಿನ ತೇವ ಆವಿಯಾಗಲು ಬಿಡುವುದಿಲ್ಲ. ಇದರ ಮೇಲೆ ಅಂಗಡಿಯವರ ಅಟ್ಟ, ನೀರಿನ ಟ್ಯಾಂಕು, ಜಾಗ ಸಾಲದೆಂದು ಒಡೆದ ಅಡ್ಡಗೋಡೆ.

ಹಾಗಾಗಿ ನವೀಕರಣದ ಮೊದಲ ಹಾಳೆಯಲ್ಲಿ ಬರಬೇಕಾದದ್ದು ಮಳೆನೀರಿನ ದಾರಿ. ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಕೊಳವೆಯಿಂದ ಯಾವ ಚರಂಡಿಗೆ ಹೋಗುತ್ತದೆ. ಎರಡನೆಯದು ಬಿರುಕಿನ ನಕ್ಷೆ: ಪ್ರತಿ ಗೋಡೆಯ ಚಿತ್ರ ಬರೆದು ಬಿರುಕಿನ ದಿಕ್ಕು, ಅಗಲ ಗುರುತಿಸುವುದು. ಕಮಾನಿನ ನೆತ್ತಿಯಲ್ಲಿ ನೇರ ಬಿರುಕಿದ್ದರೆ ಪಕ್ಕದ ಆಧಾರ ಹೊರಕ್ಕೆ ಸರಿದಿರಬಹುದು. ಮೂಲೆಯಲ್ಲಿ ಓರೆ ಬಿರುಕಿದ್ದರೆ ಪಾಯ ಕೂತಿರಬಹುದು. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಿಂಗಳುಗಟ್ಟಲೆ ನೋಡಿದರೆ ಅದು ಹಳೆಯ ಗಾಯವೋ ಇನ್ನೂ ಬೆಳೆಯುತ್ತಿದೆಯೋ ತಿಳಿಯುತ್ತದೆ. ಬಣ್ಣ, ದೀಪ, ಕೆಫೆ ಎಲ್ಲ ಇದರ ನಂತರದ ಹಾಳೆಗಳು.

ಇಡೀ ಕಟ್ಟಡ ಉಳಿಸುವುದು ಅಥವಾ ಇಡೀ ಕಟ್ಟಡ ಕೆಡವುವುದು ಎಂಬ ಎರಡೇ ಆಯ್ಕೆ ಇರುವಂತೆ ಚರ್ಚೆ ನಡೆಯುತ್ತದೆ. ಅಂಕಣಗಳ ಸಾಲಾಗಿ ಕಟ್ಟಿದ ಮಾರುಕಟ್ಟೆಗೆ ಅದು ಹೊಂದುವುದಿಲ್ಲ ಎಂದು ನನ್ನ ಭಾವನೆ. ಪ್ರತಿ ಅಂಕಣವನ್ನೂ ಬೇರೆ ಬೇರೆ ಪರೀಕ್ಷಿಸಿ ಗಟ್ಟಿ ಇರುವುದು, ತೊಲೆ ಬದಲಿಸಿದರೆ ನಿಲ್ಲುವುದು, ಬಿದ್ದದ್ದು ಎಂದು ಮೂರು ಬಣ್ಣದಲ್ಲಿ ಗುರುತಿಸಿ. ಬಿದ್ದ ಕಡೆ ಹೊಸದಾಗಿ, ಹೊಸದೆಂದು ತಿಳಿಯುವಂತೆಯೇ, ಆದರೆ ಅದೇ ಅಳತೆಯ ಕಮಾನು ಮತ್ತು ಅದೇ ಎತ್ತರದಲ್ಲಿ ಕಟ್ಟಬಹುದು. ನಾಲ್ವರ ಜೀವ ಹೋದ ಮೇಲೆ ಸುರಕ್ಷತೆಯಲ್ಲಿ ರಾಜಿ ಇಲ್ಲ. ಆದರೆ ಗಟ್ಟಿಯಾಗಿ ನಿಂತ ಗೋಡೆಯನ್ನು ಪರೀಕ್ಷಿಸದೆ ಕೆಡವುವುದನ್ನು ಸುರಕ್ಷತೆ ಎನ್ನಲಾಗದು.

ಕೊನೆಗೆ, ನವೀಕರಣದ ನಕ್ಷೆಯಲ್ಲಿ ಕ್ಯಾಲೆಂಡರ್ ಇರಬೇಕು. ದೇವರಾಜ ಮಾರುಕಟ್ಟೆಯಲ್ಲಿ ನೂರಾರು ಮಳಿಗೆಗಳಿವೆ, ಒಂದೊಂದರ ಹಿಂದೆ ಒಂದೊಂದು ಸಂಸಾರ. ಒಂದೇ ಬಾರಿಗೆ ಎಲ್ಲರನ್ನೂ ತೆರವು ಮಾಡಿಸುವ ವಿನ್ಯಾಸವನ್ನು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಎರಡು ಮೂರು ಸಾಲುಗಳನ್ನು ಮಾತ್ರ ತೆರವು ಮಾಡಿ, ಅವರಿಗೆ ನಡೆದು ಹೋಗುವ ದೂರದಲ್ಲೇ ತಾತ್ಕಾಲಿಕ ಮಳಿಗೆ ಕೊಟ್ಟು, ಮುಗಿದ ಮೇಲೆ ಅದೇ ಸಂಖ್ಯೆಯ ಮಳಿಗೆಗೆ ಮರಳಿಸುವ ಕ್ರಮವನ್ನು ತಿಂಗಳ ಪ್ರಕಾರ ಬರೆಯಿರಿ. ವರಮಹಾಲಕ್ಷ್ಮಿ, ಗೌರಿಗಣೇಶ, ದಸರಾ, ದೀಪಾವಳಿಯ ದಿನಗಳಲ್ಲಿ ಹೂ ಹಣ್ಣಿನ ಸಾಲುಗಳಲ್ಲಿ ಕೆಲಸ ನಿಲ್ಲಲಿ. ತಾರಸಿ ಬಿಚ್ಚುವ ಕೆಲಸ ಮಳೆಗಾಲಕ್ಕೆ ಮುಂಚೆ, ಜನವರಿಯಿಂದ ಮೇ ಒಳಗೆ ಮುಗಿಯಲಿ. ಆ ಹಾಳೆಯನ್ನು ಎ3 ಅಳತೆಯಲ್ಲಿ ಮುದ್ರಿಸಿ, ಕನ್ನಡದಲ್ಲೇ ಬರೆದು, ಮೊದಲು ಆ ಸಾಲಿನ ಅಂಗಡಿಯವರ ಮುಂದಿಡಿ. ಬಾಳೆಗೊನೆ ಎಲ್ಲಿಂದ ಇಳಿಸುತ್ತಾರೆ, ಕೊಳೆತ ಸೊಪ್ಪು ರಾತ್ರಿ ಎಲ್ಲಿಗೆ ಹೋಗುತ್ತದೆ, ಯಾವ ಮೂಲೆಯಲ್ಲಿ ಪ್ರತಿ ಮಳೆಗೂ ಸೋರುತ್ತದೆ ಎಂದು ಅವರು ಹೇಳಿದ್ದನ್ನು ಅದರ ಮೇಲೆಯೇ ಪೆನ್ಸಿಲಿನಲ್ಲಿ ಬರೆದುಕೊಂಡು, ಎರಡನೇ ಕರಡನ್ನು ಅಲ್ಲಿಂದ ಶುರುಮಾಡಿ.